ಅದೇ ದನಿ, ಅದೇ ಹಾಡು: ರೀಮಿಕ್ಸ್ ಆದ ಮೇಲೆ ಮಾತ್ರ ಜೀವ ಬರುವುದು ಹೇಗೆ?

ತುಂಗಾತೀರ ಕೇಳಿದ್ದು:

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮೂರು ವರ್ಷಗಳಿಂದ ಲ್ಯಾಪ್‌ಟಾಪಿನಲ್ಲಿ ಸಂಗೀತ ಕೂಡಿಸುವ ಹುಚ್ಚು ಹಿಡಿದಿದೆ. ಈಗ ಒಂದು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ದಾರಿ ತೋರಿಸಬೇಕು.

ಗೆಳೆಯನೊಬ್ಬ ಕುಣಿತಕ್ಕೆಂದು ಮಾಡಿದ ಹಾಡೊಂದನ್ನು ರೀಮಿಕ್ಸ್ ಮಾಡಿಕೊಡು ಎಂದು ದನಿ, ಒಂದೊಂದು ವಾದ್ಯ ಎಂದು ಬೇರೆಬೇರೆಯಾಗಿ ಮುದ್ರಿಸಿದ ಬಿಡಿಬಿಡಿ ಟ್ರ್ಯಾಕ್‌ಗಳನ್ನೆಲ್ಲ ಕೊಟ್ಟಿದ್ದಾನೆ. ಹಾಡಿರುವುದು ಅವನ ಅಕ್ಕ. ಹಾಡು ಕೆಟ್ಟದ್ದಲ್ಲ, ಹಾಗೆಂದು ಎರಡನೆಯ ಸಲ ಕೇಳಬೇಕೆನಿಸುವುದೂ ಇಲ್ಲ. ವೇಗ ನಿಮಿಷಕ್ಕೆ 104 ಬಡಿತ. ನಾನು ಅದನ್ನು 124ಕ್ಕೆ ಏರಿಸಿದೆ. ಹೊಸ ಡ್ರಮ್, ಮೂರು ಬಗೆಯ ಬೇಸ್ (ತಗ್ಗಿನ ಸ್ವರದ ನಾದ), ಪಿಯಾನೊ, ತಂತಿವಾದ್ಯ, ಚಪ್ಪಾಳೆ ಎಂದು ಒಟ್ಟು 22 ಟ್ರ್ಯಾಕ್ ಸೇರಿಸಿದೆ. ಒಂದೊಂದು ಸೇರಿಸಿದಾಗಲೂ ಹಾಡು ಇನ್ನಷ್ಟು ಸೊರಗಿತು. ಇನ್ನೊಂದು ತೊಡಕು ಎಂದರೆ, ಕೊನೆಯ ಪಲ್ಲವಿಗೆ ಶ್ರುತಿ ಅರ್ಧ ಮನೆ ಮೇಲಕ್ಕೆ ಏರುತ್ತದೆ. ಏರಿದ ಮೇಲೆ ಮತ್ತೆ ಮೊದಲಿನ ಭಾಗಕ್ಕೆ ಮರಳಿದರೆ ಮೆಟ್ಟಿಲು ತಪ್ಪಿ ಬಿದ್ದಂತೆ ಕೇಳುತ್ತದೆ. ಹಾಗಾಗಿ ಆರು ನಿಮಿಷಕ್ಕೆ ಉದ್ದ ಮಾಡಬೇಕೆಂದಿದ್ದವನು ಮೂರುಮುಕ್ಕಾಲಿಗೇ ನಿಂತಿದ್ದೇನೆ.

ಇದರ ನಡುವೆ ರಾಬಿನ್ ಎಸ್ ಹಾಡಿದ ‘ಶೋ ಮಿ ಲವ್’ನ ಎರಡು ರೂಪಗಳನ್ನು ಒಂದರ ಹಿಂದೆ ಒಂದು ಕೇಳಿದೆ. 1990ರಲ್ಲಿ ಬಂದ ಮೊದಲನೆಯದನ್ನು ಕೇಳುತ್ತಾ ಅರ್ಧಕ್ಕೆ ಎದ್ದು ಹೋಗಿ ನೀರು ಕುಡಿದು ಬಂದೆ. ಸ್ವೀಡನ್ನಿನ ಸ್ಟೋನ್‌ಬ್ರಿಜ್ 1992ರಲ್ಲಿ ಮಾಡಿದ ರೀಮಿಕ್ಸ್ ಶುರುವಾದಾಗ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹಾಡಿದವರು ಅದೇ ಹೆಂಗಸು, ಮಾತು ಅದೇ. ಹಾಗಾದರೆ ಆ ಮನುಷ್ಯ ಮಾಡಿದ್ದೇನು?

ಹಳೆಯ ಕ್ಯಾಸೆಟ್ ಉತ್ತರಿಸಿದ್ದು:

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಯನ್ನು ಬೆಳಗ್ಗೆಯೇ ಓದಿದೆ. ಕೆಲಸ ಮುಗಿಯುವವರೆಗೆ ತಡೆದುಕೊಂಡೆ, ಏಕೆಂದರೆ ಈ ಹಾಡಿನ ವಿಷಯದಲ್ಲಿ ನನಗೆ ಅವಸರದಲ್ಲಿ ಬರೆಯಲು ಮನಸ್ಸು ಬರುವುದಿಲ್ಲ. ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

1993ರಲ್ಲಿ ನನಗೆ ಇಪ್ಪತ್ತೆರಡು ವರ್ಷ. ಬೆಂಗಳೂರಿನ ಬ್ರಿಗೇಡ್ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯ ಪಬ್ಬೊಂದರಲ್ಲಿ ವಾರಕ್ಕೆ ಮೂರು ಸಂಜೆ ಹಾಡು ಹಾಕುವ ಕೆಲಸ. ರೆಕಾರ್ಡು ತಿರುಗಿಸುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಎರಡು ಕ್ಯಾಸೆಟ್ ಡೆಕ್, ಒಂದು ಚಿಕ್ಕ ಮಿಕ್ಸರ್, ಅಷ್ಟೆ. ಕುಣಿಯಲು ಜಾಗವೂ ಇರಲಿಲ್ಲ. ಮೇಜಿಗೆ ಮೇಜು ತಾಗುವಷ್ಟು ಇಕ್ಕಟ್ಟು. ಹಾಡು ಹಿಡಿಸಿತೋ ಇಲ್ಲವೋ ಎಂದು ತಿಳಿಯಲು ನಾನು ಜನರ ಬೆರಳುಗಳನ್ನು ನೋಡುತ್ತಿದ್ದೆ. ಹಿಡಿಸಿದರೆ ಬಿಯರ್ ಮಗ್ಗಿನ ಹಿಡಿಯ ಮೇಲೆ ಹೆಬ್ಬೆರಳು ಆಡಲು ತೊಡಗುತ್ತದೆ.

ದುಬೈಯಿಂದ ಬಂದ ಪರಿಚಿತರೊಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟಿದ್ದರು. ಬಿ ಬದಿಯ ಮೂರನೆಯದೋ ನಾಲ್ಕನೆಯದೋ ಹಾಡು ಇದು. ಮುಂಚೆ ಕೇಳಿ ನೋಡದೆ ನೇರವಾಗಿ ಹಾಕಿದೆ. ಮೊದಲು ಡ್ರಮ್, ಅದರ ಮೇಲೆ ಆ ಆರ್ಗನ್. ಅದನ್ನು ಆರ್ಗನ್ ಎಂದು ಕರೆಯುವುದೂ ಕಷ್ಟ. ಟೊಳ್ಳು ಮರದ ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಬರುವ ಸದ್ದಿಗೆ ಸ್ವರ ಕೊಟ್ಟ ಹಾಗೆ. ಹತ್ತು ಸೆಕೆಂಡು ಆಗಿರಲಿಲ್ಲ, ಗೋಡೆ ಬದಿಯ ಮೇಜಿನಲ್ಲಿ ಕುಳಿತಿದ್ದ ಬ್ಯಾಂಕ್ ನೌಕರರ ಗುಂಪು ಮಾತು ನಿಲ್ಲಿಸಿತು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆರು ಹೆಬ್ಬೆರಳುಗಳು ಒಟ್ಟಿಗೆ ಆಡುತ್ತಿದ್ದವು. ಆಮೇಲೆ ಆ ದನಿ ಬಂತು. ಅಂದು ಆ ಹಾಡನ್ನು ಮೂರು ಸಲ ಹಾಕಬೇಕಾಯಿತು.

ಮೂಲ ಹಾಡು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ನಂತರ. ನಿಮ್ಮ ಹಾಗೆಯೇ ನನಗೂ ಆಶ್ಚರ್ಯವಾಯಿತು. ಅದು ಅಂಥ ಕೆಟ್ಟ ಹಾಡೇನಲ್ಲ. ಆ ಕಾಲದ ನೂರು ಕ್ಲಬ್ ಹಾಡುಗಳ ನಡುವೆ ನೂರೊಂದನೆಯದಾಗಿ ಕುಳಿತುಕೊಳ್ಳುವಂಥದ್ದು. ಆದರೆ ಗಮನಿಸಿ: ರಾಬಿನ್ ಎಸ್ ಅದರಲ್ಲೂ ಇಷ್ಟೇ ಜೀವ ಬಿಟ್ಟು ಹಾಡಿದ್ದಾರೆ. ಅಂದು ಅವರಿಗೆ ಜ್ವರವಿತ್ತು ಎಂದು ಮುಂದೆ ಅವರೇ ಹೇಳಿದ್ದಾರೆ. ಆ ದನಿಯಲ್ಲಿ ಬೇಡಿಕೆಯೂ ಇದೆ, ‘ಬರಿಯ ಮಾತು ಸಾಕು’ ಎನ್ನುವ ಸಿಟ್ಟೂ ಇದೆ. ಮೂಲದಲ್ಲಿ ಆ ಸಿಟ್ಟಿನ ಮೇಲೆ ವಾದ್ಯಗಳು ದುಪ್ಪಟಿ ಹೊದಿಸಿಬಿಟ್ಟಿವೆ. ಒಳಗೆ ಯಾರೋ ಕೂಗುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಮುಖ ಕಾಣುವುದಿಲ್ಲ.

ಸ್ಟೋನ್‌ಬ್ರಿಜ್, ಅಂದರೆ ಸ್ಟಾಕ್‌ಹೋಮಿನ ಸ್ಟೆನ್ ಹಾಲ್‌ಸ್ಟ್ರಾಮ್, ಮೊದಲ ಯತ್ನದಲ್ಲಿ ಮಾಡಿಕೊಟ್ಟದ್ದನ್ನು ರೆಕಾರ್ಡ್ ಕಂಪನಿ ಒಪ್ಪಲಿಲ್ಲ. ಎರಡನೆಯ ಸಲ ಕುಳಿತಾಗ ಆತ ಮಾಡಿದ್ದನ್ನು ಆತನೇ ಹೇಳಿಕೊಂಡಿದ್ದಾನೆ: ಕಿಕ್ ಡ್ರಮ್ಮನ್ನೂ (ಬಡಿತ ಹಿಡಿಯುವ ದಪ್ಪ ಡ್ರಮ್) ದನಿಯನ್ನೂ ಬಿಟ್ಟು ಎಲ್ಲವನ್ನೂ ತೆಗೆದುಹಾಕಿದ. ಆಮೇಲೆ ಕೋರ್ಗ್ ಎಂ1 ಕೀಬೋರ್ಡಿನಲ್ಲಿ ಒಂದು ಬೇಸ್ ಹುಡುಕುತ್ತಾ ‘ಆರ್ಗನ್ 2’ ಎಂಬ ಸಿದ್ಧ ನಾದಕ್ಕೆ ಬಂದು ನಿಂತ. ಆ ಕೀಬೋರ್ಡು 1988ರಿಂದ ಅಂಗಡಿಯಲ್ಲಿತ್ತು. ಆ ನಾದ ಅದನ್ನು ಕೊಂಡವರೆಲ್ಲರ ಬಳಿಯೂ ಇತ್ತು, ಯಾರೂ ಗುಟ್ಟಾಗಿ ಇಟ್ಟುಕೊಂಡದ್ದಲ್ಲ. ಸ್ನೇರ್ ಡ್ರಮ್ಮನ್ನು ಸ್ವಲ್ಪ ಒಡೆಯುವಷ್ಟು ಒರಟು ಮಾಡಿದ. ಹೆಚ್ಚೂಕಡಿಮೆ ಇಷ್ಟೇ. 1993ರಲ್ಲಿ ಅದು ಬ್ರಿಟನ್ನಿನಲ್ಲಿ 6ನೇ ಸ್ಥಾನಕ್ಕೆ, ಅಮೆರಿಕದ ಮುಖ್ಯ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಹಾಡು ಬರೆದ ಅಲೆನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್ ಅವರ ಹೆಸರುಗಳು 2022ರಲ್ಲಿ ಬಿಯಾನ್ಸೆಯ ‘ಬ್ರೇಕ್ ಮೈ ಸೋಲ್’ ಹಾಡಿನ ರಚನಕಾರರ ಸಾಲಿನಲ್ಲೂ ಸೇರಿವೆ. ಕುಂಟುತ್ತಾ ಮೂಲೆ ಸೇರಬೇಕಿದ್ದ ಹಾಡು ಮೂವತ್ತು ವರ್ಷ ಹೀಗೆ ನಡೆದು ಬಂದಿದೆ.

ಆ ಆರ್ಗನ್ನಿನ ಜಾಣತನ ಎಲ್ಲಿದೆ ಎಂದು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅದು ಒಂದೇ ಹೊತ್ತಿಗೆ ಮೂರು ಕೆಲಸ ಮಾಡುತ್ತದೆ. ಬೇಸ್ ಅದೇ, ಮನಸ್ಸಿನಲ್ಲಿ ಉಳಿಯುವ ರಾಗದ ಎಳೆ ಅದೇ, ತಟ್ಟುವ ಗುಣದಿಂದಾಗಿ ತಾಳವಾದ್ಯವೂ ಅದೇ. ಮೂವರ ಕೆಲಸವನ್ನು ಒಬ್ಬನೇ ಮಾಡಿದ್ದರಿಂದ ಇಬ್ಬರ ಜಾಗ ಖಾಲಿ ಉಳಿಯಿತು. ಆ ಖಾಲಿ ಜಾಗದಲ್ಲಿ ದನಿ ನಿಂತಿದೆ. ಗಾಯಕಿ ಒಂದು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಆರ್ಗನ್ ಮಾತಾಡುತ್ತದೆ, ಅವರು ಹಾಡುವಾಗ ಕೆಳಗೆ ತಗ್ಗಿ ನಡೆಯುತ್ತದೆ. ನಮ್ಮ ಕಡೆ ಹೆಂಗಸರು ಎದುರುಬದುರು ನಿಂತು ಒನಕೆ ಹಿಡಿದು ಕುಟ್ಟುತ್ತಿದ್ದುದನ್ನು ನೋಡಿದ್ದೀರಾ? ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುತ್ತದೆ, ಒಂದಕ್ಕೊಂದು ತಾಗುವುದಿಲ್ಲ. ಇದೂ ಹಾಗೆಯೇ.

ಈಗ ನಿಮ್ಮ ಹಾಡು. ನೀವು ಸೇರಿಸಿದ 22 ಟ್ರ್ಯಾಕ್‌ಗಳನ್ನು ಮುಚ್ಚಿ. ಗೆಳೆಯ ಕೊಟ್ಟದ್ದನ್ನೂ ಮುಚ್ಚಿ. ಅವರ ಅಕ್ಕನ ದನಿಯನ್ನು ಮಾತ್ರ, ಪ್ರತಿಧ್ವನಿ ಏನೂ ಇಲ್ಲದೆ, ಕಣ್ಣು ಮುಚ್ಚಿಕೊಂಡು ಹತ್ತು ಸಲ ಕೇಳಿ. ಎಲ್ಲೋ ಒಂದು ಕಡೆ ಆಕೆ ಹಾಡುವುದನ್ನು ಮರೆತು ಹೇಳುತ್ತಿರುತ್ತಾರೆ. ಒಂದು ಪದ ಇರಬಹುದು, ಅರ್ಧ ಸಾಲು ಇರಬಹುದು. ಅದು ಸಿಗುವವರೆಗೆ ಬೇರೆ ಏನನ್ನೂ ಮುಟ್ಟಬೇಡಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಈಗ ಮಲ್ಲೇಶ್ವರದಲ್ಲಿ ಒಂದು ಸಣ್ಣ ಧ್ವನಿಮುದ್ರಣ ಕೋಣೆ ನಡೆಸುತ್ತೇನೆ. ಎಂಟು ವರ್ಷಗಳ ಹಿಂದೆ ಒಂದು ಕಂಪನಿಯವರು ಮದುವೆ ಮನೆಯಲ್ಲಿ ಕುಣಿಯುವಂಥ ಹಾಡೊಂದನ್ನು ತಂದು ‘ಇದಕ್ಕೆ ಸ್ವಲ್ಪ ಬಲ ತುಂಬಿ’ ಎಂದರು. ತುಂಬಿ, ತುಂಬಿ ಎಂದು ಅದರಲ್ಲಿ ಈಗಾಗಲೇ 61 ಟ್ರ್ಯಾಕ್ ತುಂಬಿದ್ದವು. ಒಂದೊಂದಾಗಿ ಮುಚ್ಚುತ್ತಾ ಹೋದೆ. ಎರಡನೆಯ ಚರಣ ಶುರುವಾಗುವ ಮುನ್ನ ಗಾಯಕಿ ಒಮ್ಮೆ ಉಸಿರು ಒಳಗೆಳೆದುಕೊಂಡು, ನಗುವನ್ನು ತಡೆಯುತ್ತಾಳೆ. ಪೂರ್ತಿ ಮುಕ್ಕಾಲು ಸೆಕೆಂಡೂ ಇಲ್ಲ. ಅದು ವಯಲಿನ್‌ಗಳ ಅಡಿಯಲ್ಲಿ ಹೂತುಹೋಗಿತ್ತು. ನಾನು ಅದನ್ನು ಎತ್ತಿ ಪ್ರತಿ ನಾಲ್ಕನೆಯ ಆವರ್ತದ (ಒಂದು ಆವರ್ತ ಎಂದರೆ ನಾಲ್ಕು ಬಡಿತ) ಕೊನೆಯ ಬಡಿತದಲ್ಲಿ ಇಟ್ಟೆ. ಅದರ ಸುತ್ತ ಕಿಕ್, ಒಂದು ಬೇಸ್, ಒಂದು ದಮ್ಮಡಿ. ಒಟ್ಟು 9 ಟ್ರ್ಯಾಕ್. ಕಂಪನಿಯವರು ‘ಹಾಡು ಬರಿದಾಗಿ ಕೇಳುತ್ತದೆ’ ಎಂದು ಹಿಂದಿನದನ್ನೇ ಬಿಡುಗಡೆ ಮಾಡಿದರು. ಗಾಯಕಿ ಮಾತ್ರ ನನ್ನ ರೂಪವನ್ನು ಕೇಳಿ ಇಡೀ ಅರ್ಧ ಗಂಟೆ ಕೋಣೆಯಲ್ಲೇ ಕುಳಿತಿದ್ದಳು. ಮೂರು ಸಲ ಹಾಕಿಸಿಕೊಂಡಳು. ಆ ಫೈಲು ನನ್ನ ಬಳಿ ಇಂದಿಗೂ ಇದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಅದೊಂದು.

ವೇಗದ ವಿಷಯ: 104ರಿಂದ 124 ಎಂದರೆ ಸುಮಾರು ಶೇ 19 ಏರಿಕೆ. ಶ್ರುತಿ ಕೆಡದಂತೆ ಕಂಪ್ಯೂಟರ್ ಅಷ್ಟನ್ನು ಹಿಗ್ಗಿಸಿ ಕುಗ್ಗಿಸಿ ಮಾಡಬಲ್ಲದು, ಆದರೆ ವ್ಯಂಜನಗಳು ಸಾಯುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳಿವೆ. ‘ಕಣ್ಣು’ ಎನ್ನುವಾಗ ಆ ಒತ್ತಿಗೆ ಬೇಕಾದ ಕಾಲ ಸಿಗದಿದ್ದರೆ ಅದು ಕಣ್ಣೂ ಅಲ್ಲ, ಏನೂ ಅಲ್ಲ. 112ಕ್ಕೆ ಇಳಿಸಿ ನೋಡಿ. ಕುಣಿಯಲು ಅಷ್ಟು ಸಾಕು.

ಶ್ರುತಿ ಏರುವ ತೊಡಕಿಗೆ ಐವತ್ತು ವರ್ಷ ಹಿಂದೆಯೇ ಉತ್ತರ ಸಿಕ್ಕಿದೆ. ನ್ಯೂಯಾರ್ಕಿನ ಟಾಮ್ ಮೌಲ್ಟನ್ 1974ರ ಸುಮಾರಿಗೆ ಡಾನ್ ಡೌನಿಂಗ್ ಹಾಡಿದ ‘ಡ್ರೀಮ್ ವರ್ಲ್ಡ್’ ಎಂಬ ಹಾಡನ್ನು ಉದ್ದ ಮಾಡಲು ಕುಳಿತಿದ್ದ. ಅದರಲ್ಲೂ ನಿಮ್ಮದರಂತೆಯೇ ನಡುವೆ ಶ್ರುತಿ ಏರುತ್ತದೆ, ಏರಿದ ಮೇಲೆ ಕೆಳಗಿನದಕ್ಕೆ ಮರಳಿ ಜೋಡಿಸಲು ಬರುವುದಿಲ್ಲ. ಆತ ಸ್ವರವಿರುವ ವಾದ್ಯಗಳನ್ನೆಲ್ಲ ನಿಲ್ಲಿಸಿ ತಾಳವಾದ್ಯಗಳನ್ನು ಮಾತ್ರ ಸ್ವಲ್ಪ ಹೊತ್ತು ಓಡಿಸಿದ. ಶ್ರುತಿಯೇ ಇಲ್ಲದ ಆ ಬಯಲನ್ನು ದಾಟಿ ಬಂದ ಕಿವಿ ಕೆಳಗಿನ ಶ್ರುತಿಯನ್ನು ತಕರಾರಿಲ್ಲದೆ ಸ್ವೀಕರಿಸಿತು. ಡಿಸ್ಕೊ ಹಾಡುಗಳಲ್ಲಿ ಎಲ್ಲವೂ ನಿಂತು ಡ್ರಮ್ ಮಾತ್ರ ಉಳಿಯುವ ಆ ಘಟ್ಟ, ಜನ ಕೈ ಎತ್ತಿ ಕೂಗುವ ಘಟ್ಟ, ಹೀಗೆ ಒಂದು ಹರಕು ಹೊಲಿಯಲು ಹೋಗಿ ಹುಟ್ಟಿದ್ದು. ನೀವೂ ಅದನ್ನೇ ಮಾಡಿ.

ಲಯ ಮೈಸೂರು ಬರೆದದ್ದು:

ನಾನು ಮೃದಂಗ ನುಡಿಸುವವಳು, ಡಿಸ್ಕೊ ಬಗ್ಗೆ ಹೆಚ್ಚು ತಿಳಿಯದು. ಆದರೆ ಮೇಲಿನ ಮೌಲ್ಟನ್ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ಸಂಗೀತ ಕಚೇರಿಯಲ್ಲಿ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಮುಗಿದು ಗಾಯಕರು ಪಲ್ಲವಿಯನ್ನು ಮತ್ತೆ ಎತ್ತಿಕೊಳ್ಳುತ್ತಾರಲ್ಲ, ಆ ಒಂದು ಕ್ಷಣಕ್ಕಾಗಿ ನಾನು ಈ ವಾದ್ಯ ಹಿಡಿದದ್ದು. ಹದಿನೈದು ನಿಮಿಷ ಮುಂಚೆ ಅದೇ ಸಾಲನ್ನು ಸಭೆ ಹತ್ತು ಸಲ ಕೇಳಿರುತ್ತದೆ. ಆದರೂ ತನಿಯ ನಂತರ ಅದು ಹೊಸದಾಗಿ ಕೇಳಿಸುತ್ತದೆ. ಆದ್ದರಿಂದ ಬರಿಯ ತಾಳದ ಭಾಗವನ್ನು ಹರಕು ಮುಚ್ಚುವ ತೇಪೆ ಎಂದು ಮಾತ್ರ ನೋಡಬೇಡಿ. ನಂತರ ಬರುವ ಸಾಲಿಗೆ ಹಸಿವು ಹುಟ್ಟಿಸುವುದು ಅದರ ಕೆಲಸ.

ಒಂದು ಎಚ್ಚರಿಕೆ. ನಾಲ್ಕು ಆವರ್ತ ಹಾಕಿದರೆ ಸಾಲದು. ನಿಮ್ಮ ಪ್ರಶ್ನೆ ನೋಡಿ ಮನೆಯಲ್ಲಿ ಪರೀಕ್ಷೆ ಮಾಡಿದೆ. ತಂಬೂರಿಯ ಪೆಟ್ಟಿಗೆಯನ್ನು ನಿಲ್ಲಿಸಿ ಖಂಜಿರ ನುಡಿಸಿದೆ, ತಂಗಿ ಅರ್ಧ ಮನೆ ಕೆಳಗಿನ ಶ್ರುತಿಯಲ್ಲಿ ಹಾಡಲು ಶುರು ಮಾಡಿದಳು. ಎಂಟು ಸೆಕೆಂಡಿನ ನಂತರವಾದರೆ ಪಕ್ಕದ ಕೋಣೆಯಲ್ಲಿದ್ದ ಅಮ್ಮನೂ ‘ಏನೋ ತಪ್ಪಿತು’ ಎಂದರು. ಅರ್ಧ ನಿಮಿಷದ ನಂತರ ಅಮ್ಮ ಏನೂ ಹೇಳಲಿಲ್ಲ. ನನಗೆ ಆಗಲೂ ಗೊತ್ತಾಯಿತು, ಆದರೆ ಕೆಟ್ಟದೆನಿಸಲಿಲ್ಲ. ಇನ್ನೊಂದು: ಆ ಭಾಗದಲ್ಲಿ ಸ್ವರ ಖಚಿತವಾಗಿ ಕೇಳುವ ಡ್ರಮ್ ಬೇಡ. ಮೃದಂಗದ ಬಲಗಡೆಯನ್ನು ಶ್ರುತಿಗೆ ಸೇರಿಸಿರುತ್ತೇವೆ, ಅದನ್ನು ಬಳಸಿದರೆ ಹಳೆಯ ಶ್ರುತಿ ಮನಸ್ಸಿನಿಂದ ಹೋಗುವುದೇ ಇಲ್ಲ. ಖಂಜಿರ, ತಮಟೆ, ಚಪ್ಪಾಳೆ ಒಳ್ಳೆಯದು.

ಬರ್ಮಿಂಗ್‌ಹ್ಯಾಮ್ ಕರಾವಳಿ ಬರೆದದ್ದು:

ಇಲ್ಲಿ ಒಂದು ಮಾತಿಗೆ ನನ್ನ ತಕರಾರಿದೆ. ಮೂಲ ಸಪ್ಪೆ, ರೀಮಿಕ್ಸ್ ಬಂದು ಉದ್ಧಾರ ಮಾಡಿತು ಎಂದು ಯಾವಾಗಲೂ ಹೇಳುವುದು ಮೂಲದವರಿಗೆ ಮಾಡುವ ಅನ್ಯಾಯ.

ನಾನು 1996ರಲ್ಲಿ ಉಡುಪಿಯಿಂದ ಇಲ್ಲಿಗೆ ನರ್ಸ್ ಆಗಿ ಬಂದವಳು. 1998ರ ಫೆಬ್ರವರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಹಾಲು ಕೊಳ್ಳುತ್ತಿದ್ದಾಗ ರೇಡಿಯೊದಲ್ಲಿ ‘ಬ್ರಿಮ್‌ಫುಲ್ ಆಫ್ ಆಶಾ’ ಬಂತು. ಕಾರ್ನರ್‌ಶಾಪ್ ತಂಡದ ಹಾಡು. ಬರೆದು ಹಾಡಿದ ಟಿಜಿಂದರ್ ಸಿಂಗ್ ನಮ್ಮ ಪಕ್ಕದ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಹುಟ್ಟಿದವರು. ಹಾಡಿನ ಆಶಾ ಎಂದರೆ ನಮ್ಮ ಆಶಾ ಭೋಸ್ಲೆ. ಕೆಳಗೆ ಹಿಮ, ಕೈಯಲ್ಲಿ ಹಾಲಿನ ಡಬ್ಬಿ, ಇಂಗ್ಲೆಂಡಿನ ರೇಡಿಯೊದಲ್ಲಿ ಆಶಾ, ಲತಾ, ರಫಿ ಎಂಬ ಹೆಸರುಗಳು! ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ.

ಅದು ನಾರ್ಮನ್ ಕುಕ್ ಮಾಡಿದ ರೀಮಿಕ್ಸ್, ಆ ತಿಂಗಳು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೂಲ ಹಿಂದಿನ ವರ್ಷ ಬಂದು 60ನೇ ಸ್ಥಾನದಲ್ಲೇ ನಿಂತಿತ್ತು. ಕುಕ್ ವೇಗವನ್ನೂ ಶ್ರುತಿಯನ್ನೂ ಏರಿಸಿ, ಕೆಳಗೆ ದಪ್ಪ ಡ್ರಮ್ ಇಟ್ಟ. ಒಪ್ಪುತ್ತೇನೆ, ಅದಿಲ್ಲದಿದ್ದರೆ ಆ ಹಾಡು ನನ್ನನ್ನು ತಲುಪುತ್ತಲೇ ಇರಲಿಲ್ಲ. ಆದರೆ ಈಗ ಮನೆಯಲ್ಲಿ ನಾನು ಕೇಳುವುದು ಮೂಲವನ್ನೇ. ಅದರಲ್ಲಿ ಗಿಟಾರ್ ಒಂದೇ ಜಾಡಿನಲ್ಲಿ ಮೆಲ್ಲಗೆ ಸುತ್ತುತ್ತದೆ, ಸಿಂಗ್ ಅವರ ದನಿ ಮಾತಾಡುವಷ್ಟೇ ಎತ್ತರದಲ್ಲಿದೆ. ರೆಕಾರ್ಡಿನ ಪಕ್ಕ ಕುಳಿತು ಒಬ್ಬರು ತಮ್ಮ ಬಾಲ್ಯ ಹೇಳಿಕೊಂಡಂತೆ. ರೀಮಿಕ್ಸ್‌ನಲ್ಲಿ ಆ ಮನುಷ್ಯ ಚಿಕ್ಕ ಹುಡುಗನಾಗಿಬಿಟ್ಟಿದ್ದಾನೆ. ಕುಣಿಯಲು ಒಳ್ಳೆಯದು, ಆದರೆ ಆ ಆಪ್ತತೆ ಹೋಯಿತು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೇ?

ಹಳೆಯ ಕ್ಯಾಸೆಟ್ ಉತ್ತರಿಸಿದ್ದು:

ಲಯ ಅವರೇ, ಹಸಿವು ಎಂಬ ಪದ ನನಗೆ ಮೂವತ್ತು ವರ್ಷದಿಂದ ಸಿಗದೆ ಇದ್ದದ್ದು. ಅಮ್ಮನವರನ್ನೂ ತಂಗಿಯನ್ನೂ ಸೇರಿಸಿ ಪರೀಕ್ಷೆ ಮಾಡಿದ್ದಕ್ಕೆ ತುಂಬಾ ಧನ್ಯವಾದ. ತುಂಗಾತೀರ ಅವರು 112ರ ವೇಗಕ್ಕೆ ಇಳಿದರೆ ಒಂದು ಆವರ್ತ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಹದಿನಾರು ಆವರ್ತ ಇಟ್ಟರೆ ನೀವು ಹೇಳಿದ ಅರ್ಧ ನಿಮಿಷ ಸರಿಯಾಗಿ ದಾಟುತ್ತದೆ.

ಬರ್ಮಿಂಗ್‌ಹ್ಯಾಮ್ ಅವರೇ, ನಿಮ್ಮ ತಕರಾರು ನ್ಯಾಯವಾದದ್ದು. ಆಶಾ ಹಾಡಿನ ಮೂಲವನ್ನು ಸಪ್ಪೆ ಎಂದು ಕರೆಯಲು ನಾನೂ ಸಿದ್ಧನಿಲ್ಲ. ಅದು ಕುಣಿತದ ಹಾಡಾಗಲು ಹೊರಟದ್ದೇ ಅಲ್ಲ. ವೇಗ ಹೆಚ್ಚೂಕಡಿಮೆ ಶೇ 6 ಏರಿದರೆ ಶ್ರುತಿ ಅರ್ಧ ಮನೆ ಏರುತ್ತದೆ, ರೆಕಾರ್ಡನ್ನು ಜೋರಾಗಿ ತಿರುಗಿಸಿದಂತೆ. ದನಿಯ ವಯಸ್ಸೇ ಬದಲಾಗುತ್ತದೆ. ‘ಚಿಕ್ಕ ಹುಡುಗನಾದ’ ಎಂದು ನೀವು ಬರೆದದ್ದು ಅಕ್ಷರಶಃ ನಿಜ.

ಆದರೆ ‘ಶೋ ಮಿ ಲವ್’ ಬೇರೆ. ಅದು ಕುಣಿಸಲೆಂದೇ ಹುಟ್ಟಿ, ಕುಣಿಸಲಾಗದೆ ನಿಂತಿದ್ದ ಹಾಡು. ಅಲ್ಲಿ ರೀಮಿಕ್ಸ್ ಮೂಲದವರ ಆಸೆಯನ್ನೇ ಪೂರೈಸಿತು. ಗಾಯಕಿಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ಎವರಿಥಿಂಗ್ ಬಟ್ ದ ಗರ್ಲ್ ತಂಡದ ‘ಮಿಸ್ಸಿಂಗ್’ ಇವೆರಡರ ನಡುವೆ ಎಲ್ಲೋ ಇದೆ. 1994ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ 69ನೇ ಸ್ಥಾನಕ್ಕೆ ಮುಗಿದುಹೋದ ಹಾಡು. ಬ್ರೂಕ್ಲಿನ್ನಿನ ಟಾಡ್ ಟೆರ‍್ರಿ ಅದನ್ನು ರೀಮಿಕ್ಸ್ ಮಾಡಿದ. ಹಾಡುಗಳನ್ನು ತುಂಡು ತುಂಡು ಮಾಡಿ ಹೊಸದಾಗಿ ಹೊಲಿಯುವುದರಲ್ಲೇ ಹೆಸರಾದ ಆತ ಇಲ್ಲಿ ಟ್ರೇಸಿ ಥಾರ್ನ್ ಹಾಡಿದ್ದನ್ನು ಇಡಿಯಾಗಿ ಉಳಿಸಿಕೊಂಡ, ಕೆಳಗೆ ಗಟ್ಟಿ ಡ್ರಮ್ ಹಾಸಿದ. 1995ರ ಕೊನೆಗೆ ಬ್ರಿಟನ್ನಿನಲ್ಲಿ 3, ಮುಂದಿನ ವರ್ಷ ಅಮೆರಿಕದಲ್ಲಿ 2. ಅದು ಬಿಟ್ಟುಹೋದವನೊಬ್ಬನ ಹಳೆಯ ಮನೆಯ ಬೀದಿಗೆ ಮರಳಿ ಬರುವ ಹೆಣ್ಣಿನ ಹಾಡು. ಅಷ್ಟು ದುಃಖದ ಮಾತಿಗೆ ನಿಲ್ಲದೆ ನಡೆಯುವ ಬಡಿತ ಸೇರಿದಾಗ, ಆಕೆ ಆ ಬೀದಿಯಲ್ಲಿ ನಿಜವಾಗಿ ನಡೆಯುತ್ತಿದ್ದಾಳೆ ಎನಿಸುತ್ತದೆ. ಮೂಲದಲ್ಲಿ ಆಕೆ ನಿಂತು ನೆನೆಯುತ್ತಾಳೆ. ಆ ರೀಮಿಕ್ಸ್ ತಂಡದ ದಾರಿಯನ್ನೇ ತಿರುಗಿಸಿತು. ಅವರ 1996ರ ಆಲ್ಬಮ್ ಪೂರ್ತಿ ಕ್ಲಬ್ ಸಂಗೀತದ ಕಡೆಗೆ ಹೊರಳಿತು, ತಂಡದ ಬೆನ್ ವಾಟ್ ಮುಂದೆ ತಾನೇ ಡಿಜೆಯಾಗಿ ಕ್ಲಬ್ಬುಗಳ ಕುಣಿತಕ್ಕಾಗಿರುವ ಹೌಸ್ ಸಂಗೀತದ ಸ್ವಂತ ಕಂಪನಿ ಕಟ್ಟಿದರು. ಮೂಲದವರಿಗೆ ಅನ್ಯಾಯವಾಗಿದ್ದರೆ ಅವರು ಆ ದಾರಿ ಹಿಡಿಯುತ್ತಿರಲಿಲ್ಲ.

ನನಗೆ ಒಪ್ಪಿಗೆಯಿಲ್ಲದ್ದು ಇನ್ನೊಂದು ಬಗೆಯದು. ದನಿಯ ಎರಡು ತುಣುಕು ಹೆರೆದು ತೆಗೆದು, ಉಳಿದದ್ದನ್ನೆಲ್ಲ ಎಸೆದು, ತನ್ನದೇ ಹಾಡು ಕಟ್ಟಿ ಅದಕ್ಕೆ ಹಳೆಯ ಹೆಸರಿಡುವುದು. ಆರ್ಮಂಡ್ ವಾನ್ ಹೆಲ್ಡನ್ ಟೋರಿ ಏಮಸ್ ಹಾಡಿಗೆ ಮಾಡಿದ್ದು ಇದನ್ನೇ. 1997ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಆ ಬೇಸ್ ಕೇಳಿದರೆ ಇಂದಿಗೂ ಬೆನ್ನು ನೆಟ್ಟಗಾಗುತ್ತದೆ, ಅಷ್ಟು ಅದ್ಭುತ. ಆದರೂ ಅದನ್ನು ರೀಮಿಕ್ಸ್ ಎನ್ನಲು ನನ್ನ ನಾಲಗೆ ಹೊರಳುವುದಿಲ್ಲ. ಇದರ ಬಗ್ಗೆ ಇಲ್ಲಿ ಬೇರೆಯವರು ಬೇರೆ ಹೇಳಬಹುದು.

ಬರ್ಮಿಂಗ್‌ಹ್ಯಾಮ್ ಕರಾವಳಿ ಬರೆದದ್ದು:

‘ಮಿಸ್ಸಿಂಗ್’ ವಿಷಯದಲ್ಲಿ ಸೋತೆ, ಮನಸಾರೆ ಒಪ್ಪಿಕೊಂಡೆ. ನಮ್ಮ ವಾರ್ಡಿನಲ್ಲಿ ಜಮೈಕಾ ಮೂಲದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಅವರು ಹೇಳುತ್ತಿದ್ದ ಕತೆ ನಿಮ್ಮ ‘ತೆಗೆಯುವುದು’ ಎಂಬ ಮಾತಿಗೆ ಸೇರುತ್ತದೆ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಸ್ಪ್ಯಾನಿಷ್ ಟೌನಿನ ರಡ್ಡಿ ರೆಡ್‌ವುಡ್ ಎಂಬ, ಧ್ವನಿವರ್ಧಕ ಇಟ್ಟು ಕುಣಿತಕ್ಕೆ ಹಾಡು ಹಾಕುವವರಿಗೆ ರೆಕಾರ್ಡು ಕೊರೆದುಕೊಡುವಾಗ ದನಿಯ ಟ್ರ್ಯಾಕ್ ಬಿಟ್ಟುಹೋಯಿತಂತೆ. ಆತ ಅದನ್ನೇ ಕುಣಿತದ ಬಯಲಿನಲ್ಲಿ ಹಾಕಿದಾಗ ಖಾಲಿ ಜಾಗದಲ್ಲಿ ಇಡೀ ಜನಸಮೂಹ ಹಾಡತೊಡಗಿತು. ದನಿ ತೆಗೆದು ಡ್ರಮ್, ಬೇಸ್‌ಗಳನ್ನು ಮುಂದೆ ತರುವ ಡಬ್ ಸಂಗೀತಕ್ಕೆ ದಾರಿಯಾದದ್ದು ಅಲ್ಲಿಂದ ಎಂದು ಅವರು ಹೇಳುವಾಗ ಕೈಯಲ್ಲಿದ್ದ ಔಷಧದ ತಟ್ಟೆಯನ್ನು ಕೆಳಗಿಟ್ಟು ನಿಲ್ಲುತ್ತಿದ್ದರು.

ತುಂಗಾತೀರ ಬರೆದದ್ದು:

ನಾಲ್ಕು ದಿನ ಕಾಲೇಜಿಗೂ ಸರಿಯಾಗಿ ಹೋಗದೆ ಇದೇ ಕೆಲಸ ಮಾಡಿದೆ. ಎಲ್ಲವನ್ನೂ ಮುಚ್ಚಿ ಅಕ್ಕನ ದನಿಯನ್ನು ಕೇಳಿದೆ. ಏಳನೆಯ ಸಲಕ್ಕೆ ಸಿಕ್ಕಿತು. ಮೊದಲ ಚರಣದಲ್ಲಿ ‘ಬರ್ತೀಯಾ’ ಎಂಬ ಪದವಿದೆ. ಎಲ್ಲ ಕಡೆ ಅದನ್ನು ರಾಗವಾಗಿ ಎಳೆಯುವ ಅವರು ಒಂದು ಕಡೆ ಮಾತ್ರ, ಬಹುಶಃ ಉಸಿರು ಸಾಲದೆ, ಬಾಗಿಲಲ್ಲಿ ನಿಂತು ಕೇಳಿದ ಹಾಗೆ ಚಿಕ್ಕದಾಗಿ ಹೇಳಿದ್ದಾರೆ. ಗೆಳೆಯ ಆ ಜಾಗದಲ್ಲಿ ಸಿಂಬಲ್ ಹೊಡೆಸಿ ಮುಚ್ಚಿದ್ದ.

ವೇಗ 112. ಕಿಕ್, ಒಂದೇ ಬೇಸ್, ಖಂಜಿರ, ಅಕ್ಕ. ಸದ್ಯಕ್ಕೆ 7 ಟ್ರ್ಯಾಕ್. ಶ್ರುತಿ ಏರಿದ ಪಲ್ಲವಿಯ ನಂತರ ಹದಿನಾರು ಆವರ್ತ ಬರಿಯ ಖಂಜಿರ ಮತ್ತು ಚಪ್ಪಾಳೆ, ಆಮೇಲೆ ಯಾವ ವಾದ್ಯವೂ ಇಲ್ಲದೆ ಆ ‘ಬರ್ತೀಯಾ’. ಕೆಳಗಿನ ಶ್ರುತಿಗೆ ಇಳಿದದ್ದು ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಈಗ ಐದು ನಿಮಿಷ ನಲವತ್ತು ಸೆಕೆಂಡು ಆಗಿದೆ.

ಒಂದು ಅನುಮಾನ ಉಳಿದಿದೆ. ಆ ಪದವನ್ನು ಶುರುವಿನಲ್ಲೇ ಒಮ್ಮೆ ಕೇಳಿಸಬೇಕೇ, ಅಥವಾ ಅಲ್ಲಿಯವರೆಗೆ ಬಚ್ಚಿಡಬೇಕೇ?

ಹಳೆಯ ಕ್ಯಾಸೆಟ್ ಉತ್ತರಿಸಿದ್ದು:

ಬಚ್ಚಿಡಿ. ಮೊದಲ ಚರಣದಲ್ಲಿ ಅದು ಬರುವ ಜಾಗದಲ್ಲಿ ಸಿಂಬಲ್ಲನ್ನೂ ತೆಗೆಯಿರಿ, ಪದವನ್ನೂ ತೆಗೆಯಿರಿ, ಅರ್ಧ ಆವರ್ತ ಖಾಲಿ ಬಿಡಿ. ಕಿಕ್ ಮಾತ್ರ ನಡೆಯಲಿ. ಆಮೇಲೆ ಖಂಜಿರದ ನಂತರ ಅದು ಮೊದಲ ಸಲ ಬಂದಾಗ ಹಾಸ್ಟೆಲಿನವರ ಬೆರಳುಗಳನ್ನು ನೋಡಿ ಇಲ್ಲಿ ಬರೆಯಿರಿ. ಮತ್ತೆ, ಆ ಅಕ್ಕನನ್ನು ಕರೆದು ಕೇಳಿಸುವಾಗ ಕೋಣೆಯಲ್ಲಿ ಬೇರೆ ಯಾರೂ ಇರದಂತೆ ನೋಡಿಕೊಳ್ಳಿ.